ಪಾಪರ್ ಚೀಟಿ, ಏಳನೇ ನಮೂನೆ ಮತ್ತು ತಾಲ್ಲೂಕು ವಕೀಲರು

ಸಾಲ ತೀರಿಸಲಾಗದೆ ಕೈಚೆಲ್ಲಿ ಕುಳಿತವನನ್ನು ನಮ್ಮ ಜನ ‘ಪಾಪರ್ ಆದ’ ಎನ್ನುತ್ತಾರೆ. ವ್ಯಾಪಾರದಲ್ಲಿ ಮುಳುಗಿದವನು ‘ಪಾಪರ್ ಚೀಟಿ’ ತೆಗೆದುಕೊಂಡ ಎಂಬ ಮಾತೂ ಉಂಟು. ಊರ ಕಟ್ಟೆಯ ಮೇಲೂ ಸಂತೆಯಲ್ಲೂ ಸಲೀಸಾಗಿ ಓಡಾಡುವ ಈ ಪದ ಬಂದದ್ದು ಸಿವಿಲ್ ಕೋರ್ಟಿನಿಂದ. ಕೋರ್ಟು ಶುಲ್ಕ ಕಟ್ಟುವ ಶಕ್ತಿಯಿಲ್ಲದವನು, ಶುಲ್ಕವಿಲ್ಲದೆ ದಾವೆ ಹೂಡಲು ಅವಕಾಶ ಕೊಡಿ ಎಂದು ಕೇಳಿಕೊಂಡು ಹಾಕುವ ದಾವೆಗೆ ಇಂಗ್ಲಿಷರ ಕಾಲದಿಂದಲೂ ‘ಪಾಪರ್ ದಾವೆ’ ಎಂದು ಹೆಸರು. ಕಾನೂನು ಇದನ್ನು ಬಡವನಿಗೆ ತೆರೆದಿಟ್ಟ ಬಾಗಿಲು ಎಂದು ಭಾವಿಸಿತ್ತು. ಜನರ ಬಾಯಲ್ಲಿ ಅದು ದಿವಾಳಿ ಎಂದಾಯಿತು. ದಿವಾಳಿ ಅರ್ಜಿಯೂ ಪಾಪರ್ ಅರ್ಜಿಯೂ ಕೋರ್ಟಿನ ಮೆಟ್ಟಿಲನ್ನೇ ಹತ್ತುತ್ತಿದ್ದುದರಿಂದ ಎರಡೂ ಬೆರೆತಿರಬೇಕು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂದು ಗಾದೆ ಕಟ್ಟಿದವರು ಆ ಪದಕ್ಕೆ ಇನ್ನಾವ ಅರ್ಥ ಕೊಟ್ಟಾರು?

1859ರ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಪಾಪರ್ ದಾವೆಗೆ ಅವಕಾಶವಿತ್ತು. 1908ರ ಸಂಹಿತೆಯ 33ನೇ ಆದೇಶ ಅದನ್ನು ವಿವರವಾಗಿ ಹೇಳಿತು. ಅರ್ಜಿದಾರನ ಆಸ್ತಿಯನ್ನು ಲೆಕ್ಕ ಹಾಕುವಾಗ ಅವನು ಉಡುವ ಬಟ್ಟೆಯನ್ನು ಬಿಡಬೇಕು ಎಂಬ ಮಾತೂ ಅದರಲ್ಲಿತ್ತು. 1976ರ ತಿದ್ದುಪಡಿಯಲ್ಲಿ ‘ಪಾಪರ್’ ಎಂಬ ಪದ ಹೋಗಿ ‘ನಿರ್ಗತಿಕ’ ಎಂಬರ್ಥದ ಪದ ಬಂತು. ಅಂಥವನಿಗೆ ವಕೀಲರಿಲ್ಲದಿದ್ದರೆ ನ್ಯಾಯಾಲಯವೇ ಒಬ್ಬರನ್ನು ನೇಮಿಸಬಹುದು ಎಂಬ ನಿಯಮವೂ ಆಗಲೇ ಸೇರಿತು. ಶುಲ್ಕ ಮನ್ನಾ ಆದ ಮಾತ್ರಕ್ಕೆ ಬಡವನ ಕಷ್ಟ ತೀರುವುದಿಲ್ಲ, ಅವನ ಪರವಾಗಿ ಮಾತನಾಡುವವರು ಬೇಕು ಎಂಬುದು ಸಂಹಿತೆಗೆ ಹೊಳೆಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಾಗೆ ಮಾತನಾಡುವವರು ಯಾರು, ಅವರಿಂದ ಬಡವನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಸರ್ಕಾರಗಳು ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟಿವೆ.

‘ವಕೀಲ’ ಅರಬ್ಬಿ ಮೂಲದ ಪದ. ಪ್ರತಿನಿಧಿ ಎಂದು ಅದರ ಅರ್ಥ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಪುಣೆಯ ದರ್ಬಾರಿಗೆ ಹೋಗುತ್ತಿದ್ದ ರಾಯಭಾರಿಯೂ ವಕೀಲನೇ. ದೊರೆಯ ಪರವಾಗಿ ಮಾತನಾಡುವವನ ಹೆಸರು ಮುಂದೆ ಗೇಣಿದಾರನ ಪರವಾಗಿ ಮಾತನಾಡುವವನಿಗೂ ಬಂತು. ಅವನ ಸುತ್ತಲಿನ ಮಾತುಗಳನ್ನೇ ನೋಡಿ: ವಕಾಲತ್ತು, ಅರ್ಜಿ, ದಾವೆ, ಫಿರ್ಯಾದಿ, ತಕರಾರು, ಜಾಮೀನು, ಜಪ್ತಿ, ಅಮೀನ, ಮಹಜರು, ನಕಲು, ರಾಜಿ, ಖುಲಾಸೆ ಎಲ್ಲವೂ ಪಾರ್ಸಿ ಅರಬ್ಬಿಯ ದಾರಿಯಿಂದ ಬಂದವು. ಖಟ್ಲೆ ಮರಾಠಿಯಿಂದ ಬಂತು. ಸಮನ್ಸು, ವಾರೆಂಟು, ಡಿಕ್ರಿ, ಅಫಿಡವಿಟ್ಟು ಇಂಗ್ಲಿಷಿನವು. ಆಳಿದವರೆಲ್ಲ ಒಂದೊಂದು ಹಿಡಿ ಮಾತು ಬಿಟ್ಟುಹೋದ ಜಾಗ ನ್ಯಾಯಾಲಯ. ಅಲ್ಲಿಗೆ ಹೋದ ಒಕ್ಕಲಿಗನಿಗೆ ಮೊದಲು ಬೇಕಾದದ್ದು ದುಭಾಷಿ, ಆಮೇಲೆ ನ್ಯಾಯ.

ಹಿಂದೆ ನಮ್ಮಲ್ಲಿ ವಕೀಲರಿದ್ದರೇ ಎಂಬುದು ವಿದ್ವಾಂಸರ ಚರ್ಚೆ. ಕಕ್ಷಿದಾರನ ಬದಲಿಗೆ ಬಂಧುವೋ ಅವನು ನೇಮಿಸಿದವನೋ ಮಾತನಾಡಬಹುದೆಂದು ಸ್ಮೃತಿಗಳು ಹೇಳುತ್ತವೆ. ಆದರೆ ಅದನ್ನೇ ಕಸುಬಾಗಿ ಮಾಡಿಕೊಂಡ ಒಂದು ವರ್ಗವಿತ್ತೆಂದು ಹೇಳುವುದು ಕಷ್ಟ. ಕಾನೂನಿನ ಪಂಡಿತರಂತೂ ಇದ್ದರು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದಾಚೆಗೆ ಬಂಗಾಳ ಮೊದಲಾದ ಕೆಲವು ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಅಣ್ಣತಮ್ಮಂದಿರ ಜಗಳಕ್ಕೆ ಈ ಕನ್ನಡ ನೆಲದ ಗ್ರಂಥವೇ ಆಧಾರವಾಯಿತು. ಪಟ್ನಾದ ವಕೀಲನೂ ಪುಣೆಯ ವಕೀಲನೂ ಪಾಲಿನ ದಾವೆಯಲ್ಲಿ ಉದ್ಧರಿಸುತ್ತಿದ್ದುದು ಇದನ್ನೇ.

ವಕೀಲಿಯನ್ನು ಸರ್ಕಾರ ಸನದು ಕೊಟ್ಟು ನಡೆಸುವ ವೃತ್ತಿಯಾಗಿ ಮಾಡಿದ್ದು ಕಾರ್ನ್‌ವಾಲಿಸ್. 1793ರ ಏಳನೇ ರೆಗ್ಯುಲೇಷನ್ ಬಂಗಾಳದ ದಿವಾನಿ ನ್ಯಾಯಾಲಯಗಳಲ್ಲಿ ಸನದು ಪಡೆದ ವಕೀಲರನ್ನು ನೇಮಿಸಿ, ಅವರ ಫೀಜನ್ನೂ ನಿಗದಿ ಮಾಡಿತು. ಹಿಂದೂಗಳಿಗೂ ಮುಸ್ಲಿಮರಿಗೂ ಮಾತ್ರ ಆಗ ಈ ಸನದು. ಜಾತಿ, ಮತ, ದೇಶ ನೋಡದೆ ಅರ್ಹರಾದವರೆಲ್ಲ ವಕೀಲರಾಗಬಹುದು ಎಂದು ಖಚಿತವಾದದ್ದು 1846ರ ಕಾಯ್ದೆಯಿಂದ. ನಡುವೆ 1837ರಲ್ಲಿ ಪಾರ್ಸಿ ನ್ಯಾಯಾಲಯದ ಭಾಷೆಯ ಸ್ಥಾನ ಕಳೆದುಕೊಂಡಿತ್ತು.

ಕನ್ನಡ ನಾಡಿನಲ್ಲಿ ಈ ಪದ್ಧತಿಯ ಬಿಸಿ ಮೊದಲು ತಟ್ಟಿದ್ದು 1799ರಲ್ಲಿ ಕಂಪನಿಯ ವಶಕ್ಕೆ ಹೋದ ಕೆನರಾ ಜಿಲ್ಲೆಗೆ. ಅಲ್ಲಿ ಮೊದಲ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೊಗೆ ಕಾರ್ನ್‌ವಾಲಿಸನ ನ್ಯಾಯಾಲಯಗಳ ಮೇಲೆ ನಂಬಿಕೆ ಇರಲಿಲ್ಲ. ಹಳ್ಳಿಯ ಜಗಳವನ್ನು ಹಳ್ಳಿಯ ಪಂಚರೇ ತೀರಿಸಬೇಕೆಂಬುದು ಅವನ ವಾದ. ಅವನ ಪ್ರಭಾವದಿಂದ ಮದ್ರಾಸ್ ಪ್ರಾಂತದಲ್ಲಿ 1816ರ ರೆಗ್ಯುಲೇಷನ್‌ಗಳು ಗ್ರಾಮ ಮುನ್ಸೀಫರನ್ನೂ ಪಂಚಾಯ್ತಿಗಳನ್ನೂ ಜಿಲ್ಲಾ ಮುನ್ಸೀಫರನ್ನೂ ಒಟ್ಟಿಗೆ ತಂದವು. ಆದದ್ದೇನು? ಪಂಚಾಯ್ತಿಗಳತ್ತ ಹೆಚ್ಚು ಜನ ಸುಳಿಯಲಿಲ್ಲ, ಜಿಲ್ಲಾ ಮುನ್ಸೀಫರ ಕೋರ್ಟುಗಳು ತುಂಬಿದವು. ಪಂಚಾಯ್ತಿಯ ಬಗ್ಗೆ ಹಾಡಿ ಹೊಗಳುವವರು ಇದನ್ನು ಒಮ್ಮೆ ಯೋಚಿಸಬೇಕು. ಊರಿನ ದೊಡ್ಡವರ ಮುಂದೆ ಊರಿನ ದೊಡ್ಡವರ ಮೇಲೆಯೇ ದೂರು ಹೇಳುವುದು ಸಾಧ್ಯವಿರಲಿಲ್ಲ. ಊರ ಹೊರಗೆ ಕೂತ, ತನ್ನ ಕುಲಗೋತ್ರ ಕೇಳದ ಮುನ್ಸೀಫನ ಮುಂದೆ, ಸ್ಟಾಂಪ್ ಹಚ್ಚಿದ ಕಾಗದಕ್ಕೆ ಎಲ್ಲರದ್ದೂ ಒಂದೇ ಬೆಲೆ ಎಂಬ ಆಸೆಯಾದರೂ ಇತ್ತು.

ಆ ಆಸೆ ಯಾವಾಗಲೂ ಫಲಿಸಿತೆಂದಲ್ಲ. ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಆಡಳಿತ ಯಜಮಾನನದೋ ಯಜಮಾನ್ತಿಯದೋ ಆಗಿರುತ್ತದೆ. ಒಬ್ಬರು ಪಾಲು ಕೇಳಿದರೆ ಕೊಡಲೇಬೇಕೇ ಎಂಬ ಪ್ರಶ್ನೆ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಸು ನಡುವಿನ ಮೊಕದ್ದಮೆಯಲ್ಲಿ, 1863ರಲ್ಲಿ, ಬಲವಂತದ ಪಾಲು ಇಲ್ಲ ಎಂಬ ತೀರ್ಪು ಬಂತು. ಆ ತೀರ್ಪನ್ನು ಶಾಸನ ಬದಲಿಸಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ. ನಡುವಿನ ಎಂಬತ್ತಾರು ವರ್ಷ ಮಂಗಳೂರು, ಉಡುಪಿ, ಕುಂದಾಪುರದ ವಕೀಲರ ಕೋಣೆಗಳಿಗೆ ಬಂದ ಎಷ್ಟು ಮಂದಿಗೆ ‘ನಿಮಗೆ ಪಾಲಿಲ್ಲ, ಜೀವನಾಂಶ ಕೇಳಬಹುದು ಅಷ್ಟೆ’ ಎಂದು ಹೇಳಿ ಕಳಿಸಿರಬೇಕು! ವಕೀಲಿಯಲ್ಲಿ ಇಂಥ ಮಾತಿನ ಪಾಲು ದೊಡ್ಡದು. ಅದು ಯಾವ ಲಾ ರಿಪೋರ್ಟಿನಲ್ಲೂ ದಾಖಲಾಗುವುದಿಲ್ಲ.

ಮೈಸೂರಿನಲ್ಲಿ 1831ರ ನಂತರ ಕಮಿಷನರ ಆಳ್ವಿಕೆಯಲ್ಲಿ ಕೋರ್ಟುಗಳ ಶ್ರೇಣಿ ಬೆಳೆಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆ 1884ರಲ್ಲಿ ಮೈಸೂರು ಚೀಫ್ ಕೋರ್ಟು ಸ್ಥಾಪನೆಯಾಗಿ, 1930ರಲ್ಲಿ ಹೈಕೋರ್ಟು ಎನಿಸಿಕೊಂಡಿತು. ಹೈದರಾಬಾದ್ ಸಂಸ್ಥಾನದ ಕಥೆ ಬೇರೆ. ಅಲ್ಲಿ 1884ರಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. ಕಲಬುರ್ಗಿ, ರಾಯಚೂರು, ಬೀದರದ ಕನ್ನಡ ರೈತ ತನ್ನ ಹೊಲದ ಬದುವಿನ ಜಗಳವನ್ನು ತನಗೆ ಓದಲು ಬಾರದ ಲಿಪಿಯಲ್ಲಿ ಹೇಳಬೇಕಿತ್ತು. ವಕೀಲ ಏನು ಬರೆದನೆಂದು ಅವನಿಗೆ ತಿಳಿಯದು, ಸಾಹೇಬರು ಏನು ಓದಿದರೆಂದೂ ತಿಳಿಯದು. ಹೆಬ್ಬೆಟ್ಟು ಮಾತ್ರ ಅವನದು.

ಇನ್ನು 1879ಕ್ಕೆ ಬರೋಣ. ಆ ವರ್ಷ ಕಲ್ಕತ್ತೆಯ ಶಾಸನ ಪರಿಷತ್ತು ಒಂದರ ಹಿಂದೊಂದು ಎರಡು ಕಾಯ್ದೆ ಮಾಡಿತು. 17ನೆಯದು ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ, 18ನೆಯದು ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಎರಡನೆಯದು ಅಡ್ವೊಕೇಟರು, ವಕೀಲರು, ಪ್ಲೀಡರುಗಳು, ಮುಖ್ತ್ಯಾರರು, ಕಂದಾಯ ಏಜೆಂಟರು ಎಂದು ವೃತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಕೋರ್ಟಿನಲ್ಲಿ ವಾದಿಸುವ ಹಕ್ಕನ್ನು ಭದ್ರಪಡಿಸಿತು. ಕಕ್ಷಿದಾರರನ್ನು ಹಿಡಿದು ತಂದು ದಲ್ಲಾಳಿ ತಿನ್ನುವ ‘ಟೌಟು’ಗಳ ವಿರುದ್ಧದ ಕಲಂ ಕೂಡ ಈ ಕಾಯ್ದೆಯದೇ. ಅಂಥವರ ಹೆಸರಿನ ಪಟ್ಟಿಯನ್ನು ಕೋರ್ಟಿನಲ್ಲೇ ತೂಗುಹಾಕುವ ಅಧಿಕಾರ ನ್ಯಾಯಾಧೀಶರಿಗಿತ್ತು.

17ನೇ ಕಾಯ್ದೆ ವಕೀಲರಿಗೆ ಬೆನ್ನು ತಿರುಗಿಸಿ ನಿಂತಿತ್ತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ವಿಚಾರಣೆ ನಡೆದಾಗ ಕಂಡದ್ದು, ಸಾಹುಕಾರನ ಕೈಯಲ್ಲಿ ಕೋರ್ಟು ಒಂದು ಆಯುಧವಾಗಿತ್ತು ಎಂಬುದು. ರೈತ ಕೋರ್ಟಿಗೆ ಹೋಗುತ್ತಲೇ ಇರಲಿಲ್ಲ. ಅವನ ಬೆನ್ನ ಹಿಂದೆ ಏಕಪಕ್ಷೀಯ ಡಿಕ್ರಿ ಆಗುತ್ತಿತ್ತು, ಅಮೀನ ಜಪ್ತಿಗೆ ಬಂದಾಗಲೇ ಅವನಿಗೆ ಸುದ್ದಿ. ಅದಕ್ಕೆ ಪರಿಹಾರವಾಗಿ ಈ ಕಾಯ್ದೆ ಸಾಲದ ಲೆಕ್ಕವನ್ನು ಬುಡದಿಂದ ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು, ಗ್ರಾಮ ಮುನ್ಸೀಫರನ್ನೂ ರಾಜಿ ಮಾಡಿಸುವವರನ್ನೂ ನೇಮಿಸಿತು, ಸಣ್ಣ ಮೊತ್ತದ ವ್ಯಾಜ್ಯಗಳಲ್ಲಿ ವಕೀಲರನ್ನು ಹೊರಗಿಟ್ಟಿತು. ಆದರೆ ಅಲ್ಲೇ ಇನ್ನೊಂದು ಕಲಂ ಇತ್ತು. ದೊಡ್ಡ ವ್ಯಾಜ್ಯದಲ್ಲಿ ಎದುರಾಳಿ ವಕೀಲರನ್ನು ಕರೆತಂದಿದ್ದು ರೈತನಿಗೆ ಅದಕ್ಕೆ ಶಕ್ತಿಯಿಲ್ಲ ಎಂದು ಕಂಡುಬಂದರೆ, ರೈತ ಒಪ್ಪಿದಲ್ಲಿ, ಸರ್ಕಾರಿ ವಕೀಲರನ್ನೋ ಬೇರೆ ತಕ್ಕವರನ್ನೋ ಅವನ ಪರವಾಗಿ ನಿಲ್ಲಿಸಬಹುದು. ಇಂದಿನ ಉಚಿತ ಕಾನೂನು ನೆರವಿನ ಬೀಜ ಇದೇ ಎಂದು ನನಗೆ ಅನ್ನಿಸುತ್ತದೆ. ಮುಂದೆ ಈ ಕಾಯ್ದೆಯ ಕೆಲವು ಭಾಗಗಳು ಮುಂಬೈ ಪ್ರಾಂತದ ಇತರ ಜಿಲ್ಲೆಗಳಿಗೂ ಹಬ್ಬಿದವು.

ಹೀಗೆ ವಕೀಲರನ್ನು ಹೊರಗಿಡುವುದು, ಇಲ್ಲವೇ ಬಡವನಿಗೂ ಒಬ್ಬ ವಕೀಲನನ್ನು ಕೊಡುವುದು ಎಂಬ ಎರಡು ದಾರಿಗಳೂ ಒಂದೇ ಕಾಯ್ದೆಯಲ್ಲಿ ಸಿಕ್ಕವು. ಅಲ್ಲಿಂದೀಚೆಗಿನ ಇತಿಹಾಸವೆಲ್ಲ ಈ ಎರಡರ ನಡುವಿನ ಎಳೆದಾಟ.

ವಕೀಲರೊಳಗೇ ಈ ಪ್ರಶ್ನೆ ಕಾಡಿದವರಿದ್ದರು. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ವಕೀಲರನ್ನು ಕಟುವಾಗಿ ಟೀಕಿಸಿದರು. ದಕ್ಷಿಣ ಆಫ್ರಿಕದಲ್ಲಿ ದಾದಾ ಅಬ್ದುಲ್ಲಾ ವ್ಯಾಜ್ಯವನ್ನು ಪಂಚಾಯ್ತಿಗೆ ಒಪ್ಪಿಸಿ ರಾಜಿ ಮಾಡಿಸಿದಾಗ, ಬೇರೆಯಾದವರನ್ನು ಒಂದುಗೂಡಿಸುವುದೇ ವಕೀಲನ ನಿಜವಾದ ಕೆಲಸವೆಂದು ತಾವು ಕಲಿತುದಾಗಿ ಆತ್ಮಕಥೆಯಲ್ಲಿ ಬರೆದುಕೊಂಡರು. 1917ರಲ್ಲಿ ಚಂಪಾರಣ್ಯಕ್ಕೆ ಹೋದಾಗ ಬಿಹಾರದ ವಕೀಲರಿಗೆ ಅವರು ಹೇಳಿದ್ದು, ನಿಮ್ಮ ಕಾನೂನು ಜ್ಞಾನಕ್ಕಿಂತ ನಿಮ್ಮ ಗುಮಾಸ್ತಿಕೆ ನನಗೆ ಬೇಕು ಎಂಬರ್ಥದ ಮಾತು. ಬ್ರಜಕಿಶೋರ ಪ್ರಸಾದ್, ರಾಜೇಂದ್ರ ಪ್ರಸಾದರಂಥವರು ಕೂತು ನೀಲಿ ಬೆಳೆಯುವ ರೈತರ ಹೇಳಿಕೆಗಳನ್ನು ಒಂದೊಂದಾಗಿ ಬರೆದುಕೊಂಡರು. ಬಡವನ ಮಾತನ್ನು ಅವನು ಹೇಳಿದಂತೆಯೇ ಬರೆದುಕೊಳ್ಳುವುದು ಅಷ್ಟು ಸುಲಭದ ಕೆಲಸವಲ್ಲ.

ನಮ್ಮಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು (1859–1928) ಶಾಲಾ ಮಾಸ್ತರಿಕೆಯಿಂದ ವಕೀಲಿಗೆ ಬಂದವರು. ಬಡವರ ವಕೀಲರೆಂದು ಹೆಸರಾಗಿ, 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ಉಂಡವರು. ಅದೇ ಊರಿನ ಕಾರ್ನಾಡ್ ಸದಾಶಿವರಾಯರು (1881–1937) ವಕೀಲಿಯನ್ನೂ ಆಸ್ತಿಯನ್ನೂ ಸ್ವಾತಂತ್ರ್ಯ ಚಳವಳಿಗೆ ಸುರಿದರು. ಹೆಂಗಸರಿಗಂತೂ ಈ ವೃತ್ತಿಯ ಬಾಗಿಲು ತಡವಾಗಿ ತೆರೆಯಿತು. ಬಾಲ್ಯದ ಕೆಲವು ವರ್ಷ ಬೆಳಗಾವಿಯಲ್ಲಿ ಕಳೆದ ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದು ಬಂದರೂ, ಅಂತಃಪುರದ ವಿಧವೆಯರ ಆಸ್ತಿಪಾಸ್ತಿಯ ತೊಂದರೆಗಳನ್ನು ವರ್ಷಗಟ್ಟಲೆ ಬಿಡಿಸಿದರೂ, ವಕೀಲೆಯಾಗಿ ನೋಂದಾಯಿಸಿಕೊಳ್ಳಲು 1921ರವರೆಗೆ ಕಾಯಬೇಕಾಯಿತು. ಹೆಂಗಸೆಂಬ ಕಾರಣಕ್ಕೆ ಯಾರನ್ನೂ ತಡೆಯಬಾರದೆಂಬ ಕಾಯ್ದೆ ಬಂದದ್ದು 1923ರಲ್ಲಿ.

ತಾಲ್ಲೂಕು ವಕೀಲರ ದೈನಂದಿನ ಕೆಲಸ ಇಂಥ ದೊಡ್ಡ ಹೆಸರುಗಳ ನೆರಳಿನಲ್ಲಿ ಮರೆಯಾಗುತ್ತದೆ. ಮನೆಯ ಮುಂಗೋಣೆಯೇ ಆಫೀಸು. ಗೋಡೆಗೊರಗಿದ ಬೆಂಚು, ಲಾ ರಿಪೋರ್ಟುಗಳ ಬೀರು, ದಾರ ಕಟ್ಟಿದ ಕಾಗದದ ಕಟ್ಟುಗಳು, ಬಾಗಿಲ ಬಳಿ ಡೆಸ್ಕಿನ ಹಿಂದೆ ಗುಮಾಸ್ತ. ಕಕ್ಷಿದಾರ ಮೊದಲು ಕಥೆ ಹೇಳುವುದು ಗುಮಾಸ್ತನಿಗೆ. ವಾಯಿದೆಯ ತಾರೀಕು, ನಕಲಿನ ಅರ್ಜಿ, ಸಮನ್ಸಿನ ಬತ್ತೆ ಎಲ್ಲವೂ ಅವನ ತಲೆಯಲ್ಲಿ. ಸಾಹೇಬರಿಗಿಂತ ಗುಮಾಸ್ತನೇ ಹೆಚ್ಚು ಬಲ್ಲ ಎಂಬ ಗೌರವ ಎಷ್ಟೋ ಊರುಗಳಲ್ಲಿತ್ತು. ಫೀಜಿನ ಬಾಬ್ತು ಸುಗ್ಗಿಯ ತನಕ ನಿಲ್ಲುವುದೂ ಇತ್ತು, ಅಕ್ಕಿ, ಅಡಿಕೆ, ಬೆಲ್ಲದ ರೂಪದಲ್ಲಿ ಸಲ್ಲುವುದೂ ಇತ್ತು. ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದು ಮಾತ್ರ ನಿಷಿದ್ಧ. ಬಾರ್ ಕೌನ್ಸಿಲಿನ ನಿಯಮಗಳು ಅದನ್ನು ಇಂದಿಗೂ ಒಪ್ಪುವುದಿಲ್ಲ, ಜಾಹೀರಾತನ್ನೂ ಒಪ್ಪುವುದಿಲ್ಲ.

ಆ ಬೆಂಚಿನ ಮೇಲೆ ತೀರ್ಮಾನವಾಗುತ್ತಿದ್ದುದು ಬಹುಮಟ್ಟಿಗೆ ತಾರೀಕಿನ ಪ್ರಶ್ನೆಗಳು. ಪ್ರೊನೋಟಿಗೆ ಮೂರು ವರ್ಷದ ಆಯುಸ್ಸು. ಮೂರು ತುಂಬಿತೆಂದರೆ ಸಾವಿರ ರೂಪಾಯಿಯ ಸಾಲವೂ ಬರಿ ಕಾಗದ. ಅದಕ್ಕೇ ಸಾಹುಕಾರ ಅವಧಿ ಮುಗಿಯುವ ಮೊದಲು ಐದೋ ಹತ್ತೋ ರೂಪಾಯಿ ಜಮಾ ಬರೆಸಿ ಸಾಲಗಾರನ ರುಜು ಹಾಕಿಸುತ್ತಿದ್ದ. ಆ ರುಜುವಿನಿಂದ ಮೂರು ವರ್ಷ ಮತ್ತೆ ಹೊಸದಾಗಿ ಶುರು. ಸಾಲಗಾರ ಆ ಹತ್ತು ರೂಪಾಯಿಯನ್ನು ತನ್ನ ಪ್ರಾಮಾಣಿಕತೆ ಎಂದುಕೊಳ್ಳುತ್ತಿದ್ದ. ವಕೀಲರ ಬಳಿ ಒಂದು ದಿನ ಮೊದಲು ಬಂದಿದ್ದರೆ ತಿಳಿಯುತ್ತಿತ್ತು.

ಇನ್ನೊಂದು ಪಾಲುಪಟ್ಟಿಯ ಕಗ್ಗಂಟು. ಅಣ್ಣತಮ್ಮಂದಿರು ಊರಿನ ನಾಲ್ವರನ್ನು ಕೂರಿಸಿಕೊಂಡು ‘ಪಂಚಾಯ್ತಿ ಪಾರೀಖತ್ತು’ ಬರೆಸಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಪಾಲುಪತ್ರ ನೋಂದಣಿಯಾಗಬೇಕು. ಆದರೆ ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಕಿಲ್ಲ. ಹಾಗಾದರೆ ಆ ಕಾಗದದಲ್ಲಿ ಬರೆದದ್ದು ‘ಪಾಲು ಮಾಡಿಕೊಂಡಿದ್ದೇವೆ’ ಎಂದೋ ‘ಪಾಲು ಮಾಡಿಕೊಳ್ಳುತ್ತಿದ್ದೇವೆ’ ಎಂದೋ? ಒಂದು ಕ್ರಿಯಾಪದದ ಕಾಲದ ಮೇಲೆ ಎರಡು ಎಕರೆ ಗದ್ದೆ ನಿಲ್ಲುತ್ತಿತ್ತು. ಪತ್ರ ಬರೆಯುವವನ ಕೈಬರಹ ಎಷ್ಟೇ ದುಂಡಗಿದ್ದರೂ ಈ ಸೂಕ್ಷ್ಮ ಅವನಿಗೆ ಹೊಳೆಯದೆ ಹೋದರೆ ಮುಂದಿನ ತಲೆಮಾರು ಮುನ್ಸೀಫ್ ಕೋರ್ಟು ಅಲೆಯಬೇಕು.

ಇಂಥ ತಾಲ್ಲೂಕು ವಕೀಲರ ಬದುಕು ತಲೆಕೆಳಗಾದದ್ದು 1974ರ ಮಾರ್ಚ್ 1ರಂದು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಅಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಅದನ್ನು ತನ್ನ ಹೆಸರಿಗೆ ಪಡೆಯಬೇಕಾದರೆ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಕರಾವಳಿಯಲ್ಲಿ ಇದಕ್ಕೆ ‘ಡಿಕ್ಲರೇಷನ್ ಕೊಡುವುದು’ ಎಂದೇ ಹೆಸರಾಯಿತು. ಅರ್ಜಿ ತೀರ್ಮಾನಿಸಲು ತಾಲ್ಲೂಕು ಮಟ್ಟದ ಭೂನ್ಯಾಯ ಮಂಡಳಿ: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಯ್ದೆಯ 48ನೇ ಕಲಮಿನಲ್ಲಿ ಇನ್ನೊಂದು ಮಾತಿತ್ತು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ.

1879ರ ದಖ್ಖನ್ ಕಾಯ್ದೆಯ ತರ್ಕವೇ ಇದು. ಧಣಿ ದೊಡ್ಡ ವಕೀಲರನ್ನು ತರುತ್ತಾನೆ, ಗೇಣಿದಾರನಿಗೆ ಸಾಧ್ಯವಿಲ್ಲ. ಆದ್ದರಿಂದ ಇಬ್ಬರಿಗೂ ಬೇಡ. ವಿಚಿತ್ರವೆಂದರೆ ಇದರ ಮೂಲ ಕಾಯ್ದೆಗೆ ದಾರಿ ಮಾಡಿದ ಸಮಿತಿಯ ಅಧ್ಯಕ್ಷರು ಜಮಖಂಡಿಯಲ್ಲಿ ವಕೀಲಿ ಮಾಡಿದ್ದ ಬಿ.ಡಿ. ಜತ್ತಿ. ಗೇಣಿದಾರರ ಪರ ಕಾನೂನುಗಳಿಗೆ ದುಡಿದ ಕಡಿದಾಳ್ ಮಂಜಪ್ಪನವರೂ ಮಲೆನಾಡಿನ ವಕೀಲರೇ.

ನಿಷೇಧದ ಫಲ ಎರಡು ಬಗೆಯದು. ಮಂಡಳಿಯ ಕಲಾಪ ಸರಳವಾಯಿತು, ಕನ್ನಡದಲ್ಲೇ ನಡೆಯಿತು, ಅನಕ್ಷರಸ್ಥ ಗೇಣಿದಾರ ನೇರವಾಗಿ ಮಾತನಾಡಿದ. ಲಕ್ಷಾಂತರ ಅರ್ಜಿಗಳು ಬಂದ ಆ ಕಾಲದಲ್ಲಿ ಪ್ರತಿಯೊಂದಕ್ಕೂ ಪಾಟೀಸವಾಲು ನಡೆದಿದ್ದರೆ ಭೂಸುಧಾರಣೆ ಇಂದಿಗೂ ಮುಗಿಯುತ್ತಿರಲಿಲ್ಲ. ಇದು ನಿಜ. ಆದರೆ ಗೇಣಿ ಚೀಟಿ ಕೊಡುವ ರೂಢಿಯೇ ಇಲ್ಲದ ಊರಿನಲ್ಲಿ, ಪಹಣಿಯಲ್ಲಿ ಧಣಿಯ ಹೆಸರೇ ಇರುವಾಗ, ತಾನು ಉಳುತ್ತಿದ್ದೆ ಎಂದು ರುಜುವಾತು ಮಾಡುವುದು ಹೇಗೆಂದು ಒಕ್ಕಲಿಗನಿಗೆ ಯಾರು ಹೇಳಿಕೊಡಬೇಕು? ಸರ್ವೆ ನಂಬರು ತಪ್ಪಾಗಿ ಬರೆದ ಅರ್ಜಿಗಳಿದ್ದವು. ಒಟ್ಟು ಕುಟುಂಬದ ಅಣ್ಣನೊಬ್ಬನೇ ಅರ್ಜಿ ಹಾಕಿ ತಮ್ಮಂದಿರ ಹೆಸರು ಬಿಟ್ಟುಹೋದದ್ದಿತ್ತು. ಗಡುವು ಮುಂದಕ್ಕೆ ಹೋಗುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಆಮೇಲೆ ಬಂದವನಿಗೆ ಹತ್ತಾರು ವರ್ಷ ಬಾಗಿಲು ಮುಚ್ಚಿತ್ತು. ಧಣಿಯಾದರೋ ವಕೀಲರನ್ನು ಮಂಡಳಿಯ ಮುಂದೆ ನಿಲ್ಲಿಸದಿದ್ದರೂ ಮನೆಯಲ್ಲಿ ಕೂರಿಸಿ ಹೇಳಿಕೆ ಬರೆಸಿಕೊಂಡು ಬರಬಹುದಿತ್ತು. ಮೊದಲ ವರ್ಷಗಳಲ್ಲಿ ಮೇಲ್ಮನವಿಗೂ 

ಅವಕಾಶವಿರಲಿಲ್ಲ. ಉಳಿದ ದಾರಿ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ತಾಲ್ಲೂಕಿನಲ್ಲಿ ಸಣ್ಣ ಫೀಜಿಗೆ ಸಿಗಬಹುದಾಗಿದ್ದ ವಕೀಲರನ್ನು ತಪ್ಪಿಸಿದ ಕಾನೂನು ರಾಜಧಾನಿಯ ವಕೀಲರನ್ನು ಅನಿವಾರ್ಯ ಮಾಡಿತು. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ತೆಗೆದುಹಾಕಿತು. ವಕೀಲಿ ವೃತ್ತಿಯ ಹಕ್ಕಿನ ಬಗ್ಗೆ ಕಾನೂನು ಮಾಡುವುದು ಸಂಸತ್ತಿಗೆ ಸೇರಿದ್ದು, ರಾಜ್ಯ ಅದಕ್ಕೆ ಅಡ್ಡ ಬರುವಂತಿಲ್ಲ ಎಂಬುದು ತೀರ್ಪಿನ ಸಾರ. ಅರ್ಜಿಯ ಗಡುವು ಮುಗಿದು ಆಗಲೇ ಎಂಟು ವರ್ಷ. ತೀರ್ಪು ವಕೀಲರ ಹಕ್ಕನ್ನು ಕಾಪಾಡಿತು. ಗೇಣಿದಾರನಿಗೆ ವಕೀಲರಿರಬೇಕೇ ಎಂಬ ಪ್ರಶ್ನೆ ಆ ವೇಳೆಗೆ ಹಳೆಯದಾಗಿತ್ತು.

ಎರಡನೇ ದಾರಿ, ಅಂದರೆ ಬಡವನಿಗೂ ವಕೀಲರನ್ನು ಕೊಡುವ ದಾರಿ, ಇದೇ ವರ್ಷಗಳಲ್ಲಿ ತೆರೆದುಕೊಂಡಿತು. ಸಂವಿಧಾನದ 42ನೇ ತಿದ್ದುಪಡಿ 1976ರಲ್ಲಿ 39ಎ ವಿಧಿಯನ್ನು ಸೇರಿಸಿ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯಗಳಲ್ಲಿ ಎಣಿಸಿತು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಬಿದ್ದು, ಬಡ ಆರೋಪಿಗೆ ವಕೀಲರು ಸಿಗುವುದು ಅವನ ಹಕ್ಕು ಎಂದಾಯಿತು. 1982ರ ಮಾರ್ಚಿನಲ್ಲಿ ಗುಜರಾತಿನ ಊನಾದಲ್ಲಿ ಮೊದಲ ಲೋಕ ಅದಾಲತ್ ನಡೆಯಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಅಂಗೀಕಾರವಾದರೂ ಜಾರಿಯಾದದ್ದು 1995ರ ನವೆಂಬರ್ 9ರಂದು. ಅಲ್ಲಿಂದ ತಾಲ್ಲೂಕು ತಾಲ್ಲೂಕಿಗೂ ಕಾನೂನು ಸೇವಾ ಸಮಿತಿ ಬಂತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕೆಲಸಗಾರರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಮಿತಿಯಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯಬೇಕೆಂದು ಅದರ 12ನೇ ಕಲಂ ಹೇಳುತ್ತದೆ.

ಇದರಲ್ಲಿ ‘ಮಹಿಳೆಯರು’ ಎಂಬ ಒಂದು ಪದದ ತೂಕ ನಮ್ಮ ರಾಜ್ಯದಲ್ಲಿ ದೊಡ್ಡದು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿ, ಪಾಲಿನ ವೇಳೆ ವಿಧವೆ, ತಾಯಿ, ಅವಿವಾಹಿತ ಮಗಳು ಮುಂತಾದವರಿಗೆ ಭಾಗ ಕೊಟ್ಟಿತ್ತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಹಕ್ಕುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ಅಳಿಸಿತು. ತಂದೆ ಆ ದಿನ ಬದುಕಿರಬೇಕೇ ಎಂಬ ಗೊಂದಲ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಿಂದ 2020ರ ಆಗಸ್ಟ್ 11ರಂದು ಬಗೆಹರಿಯಿತು, ಬದುಕಿರಬೇಕಿಲ್ಲ ಎಂದು. ಮಿತಾಕ್ಷರಾ ಪದ್ಧತಿಯ ಎಂಟುನೂರಕ್ಕೂ ಹೆಚ್ಚು ವರ್ಷಗಳ ಬೇಲಿಯನ್ನು ದಾಟಿ ತವರಿನ ಪಾಲು ಕೇಳಲು ಬರುವ ಹೆಂಗಸಿಗೆ ಇಂದು ಎದುರಾಗುವುದು ಅದೇ ಹಳೆಯ ಪಂಚಾಯ್ತಿ ಪಾರೀಖತ್ತು. ಹೊಸ ಕಾನೂನು ನೋಂದಣಿಯಾದ ಪಾಲನ್ನು ಅಥವಾ ಕೋರ್ಟಿನ ಡಿಕ್ರಿಯನ್ನು ಮಾತ್ರ ಒಪ್ಪುತ್ತದೆ. ಬಾಯಿಮಾತಿನ ಪಾಲನ್ನು ಸರ್ಕಾರಿ ದಾಖಲೆಗಳ ಬೆಂಬಲವಿದ್ದರೆ ಅಪರೂಪಕ್ಕೆ ಒಪ್ಪಬಹುದೆಂದು 2020ರ ತೀರ್ಪು ಹೇಳಿದೆ. ತವರಿನವರು ಬಿಡಿಸಿದ ಹಳೆಯ ಕಾಗದ ಯಾವ ಜಾತಿಯದೆಂದು ಹೇಳಬೇಕಾದವರು ಮತ್ತೆ ತಾಲ್ಲೂಕು ವಕೀಲರೇ.

ಹೊರಗಿಡುವ ದಾರಿಯೂ ಮುಚ್ಚಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಧೀಶರ ಅನುಮತಿ ಬೇಕು. ವೃದ್ಧ ತಂದೆತಾಯಿಗಳ ಪೋಷಣೆಯ 2007ರ ಕಾಯ್ದೆ ವಕೀಲರಿಗೆ ಪೂರ್ತಿ ಬೇಲಿ ಹಾಕಿತು. ಈ ನಡುವೆ ಅಡ್ವೊಕೇಟ್ಸ್ ಕಾಯ್ದೆಯ 30ನೇ ಕಲಂ, ಯಾವ ನ್ಯಾಯಾಲಯದಲ್ಲೂ ಮಂಡಳಿಯಲ್ಲೂ ವಾದಿಸುವ ಹಕ್ಕನ್ನು ವಕೀಲರಿಗೆ ಕೊಡುವಂಥದ್ದು, 1961ರಲ್ಲಿ ಅಚ್ಚಾಗಿ ಐವತ್ತು ವರ್ಷ ಮಲಗಿದ್ದು 2011ರ ಜೂನ್ 15ರಂದು ಎದ್ದಿತು. ಅದನ್ನೇ ಹಿಡಿದು ಕೇರಳ ಹೈಕೋರ್ಟು 2021ರಲ್ಲಿ 2007ರ ಬೇಲಿಯನ್ನು ಕಿತ್ತಿತು. 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆ 2023ರ ತಿದ್ದುಪಡಿಯಿಂದ ರದ್ದಾಯಿತು. ಟೌಟುಗಳ ಪಟ್ಟಿಯ ಕಲಂ ಮಾತ್ರ ಅಡ್ವೊಕೇಟ್ಸ್ ಕಾಯ್ದೆಯೊಳಗೆ ಮನೆ ಬದಲಿಸಿ ಉಳಿದುಕೊಂಡಿದೆ. ಕೆಲವು ಕಸುಬುಗಳಿಗೆ ಸಾವಿಲ್ಲ.

ಕರ್ನಾಟಕದ ತಾಲ್ಲೂಕುಗಳಲ್ಲಿ ‘ಮುನ್ಸೀಫ್’ ಎಂಬ ಹುದ್ದೆಯ ಹೆಸರು ಹೋಗಿ ಸಿವಿಲ್ ನ್ಯಾಯಾಧೀಶರು ಎಂದಾಗಿದೆ. ಜನ ಇನ್ನೂ ಮುನ್ಸೀಫ್ ಕೋರ್ಟು ಎನ್ನುವುದನ್ನು ಬಿಟ್ಟಿಲ್ಲ. ಕಾನೂನು ಸೇವಾ ಸಮಿತಿಯ ಕಚೇರಿ ಇರುವುದು ಅದೇ ಆವರಣದಲ್ಲಿ. ನೆರವು ಬೇಡುವವರು ತಮ್ಮ ಭಾಷೆಯಲ್ಲಿ ಅರ್ಜಿ ಕೊಡಬಹುದು, ಅದಕ್ಕೆ ಕೋರ್ಟು ಶುಲ್ಕದ ಸ್ಟಾಂಪು ಬೇಕಿಲ್ಲ. ಸಮಿತಿ ಗೊತ್ತುಮಾಡಿದ ವಕೀಲರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ. ಬರೆಯಲು ಬಾರದವರು ಬಂದು ಬಾಯಿಮಾತಿನಲ್ಲಿ ಹೇಳಿದರೂ ಅದನ್ನು ಪರಿಗಣಿಸಬಹುದೆಂದು 2010ರ ನಿಯಮಾವಳಿಯಲ್ಲಿದೆ.